ಮಸೆಯುವ ಹೊತ್ತೂ ದುಡಿಮೆಯ ಹೊತ್ತೇ

(ಮಾಟುಂಗದಲ್ಲಿ ಜರುಗಿದ ಸಂಘದ ಸದಸ್ಯರ ಸಭೆಯಲ್ಲಿ, ತೋಟಗೆಲಸದ ಬಂಧುಗಳ ಪರವಾಗಿ ಮಾಡಿದ ಭಾಷಣ)



ಇಂದಿನ ಸಭೆಯಲ್ಲಿ ಮಾತನಾಡಬೇಕೆಂದು ಕಾರ್ಯಕಾರಿ ಸಮಿತಿಯವರು ತೋಟಗೆಲಸದವರಾದ ನಮ್ಮನ್ನು ಕೇಳಿಕೊಂಡಾಗ, ಯಾವ ವಿಷಯವನ್ನು ಎತ್ತಿಕೊಳ್ಳಬೇಕೆಂಬ ಪ್ರಶ್ನೆ ಎದ್ದಿತು. ಬೋನಸ್ಸು, ರಜೆ, ಪ್ರಾವಿಡೆಂಟ್ ಫಂಡು ಮೊದಲಾದವುಗಳನ್ನು ಕುರಿತು ನಮಗಿಂತ ಚೆನ್ನಾಗಿ ಮಾತನಾಡಬಲ್ಲವರು ಈ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವು ಬಲ್ಲುದು ಕೈಯಲ್ಲಿ ಹಿಡಿಯುವ ಹತಾರವನ್ನು. ಆದುದರಿಂದ ತೋಟದ ಹತಾರಗಳನ್ನು ಕೈಯಿಂದಲೇ ಮಸೆದು ಹರಿತವಾಗಿಟ್ಟುಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಲು ಒಪ್ಪಿಕೊಂಡೆವು.

ನಮ್ಮ ನುಡಿಯಲ್ಲಿ ಒಬ್ಬನು ಇನ್ನೊಬ್ಬನ ಮೇಲೆ ಕತ್ತಿ ಮಸೆಯುತ್ತಾನೆಂದರೆ ಹಗೆ ಸಾಧಿಸುತ್ತಾನೆಂದು ಅರ್ಥ. ಸಭೆಯ ಕರೆಯೋಲೆಯಲ್ಲಿ ವಿಷಯವನ್ನು ಓದಿದ ಒಬ್ಬಿಬ್ಬರು "ಏನು ಸ್ವಾಮಿ, ಯಾರ ಮೇಲೆ?" ಎಂದು ಕೇಳಿದರು. ಯಾರ ಮೇಲೂ ಅಲ್ಲ. ನಮ್ಮ ಕತ್ತಿಗೆ ಹಗೆಯೆಂದರೆ ದಾಸವಾಳದ ಒಣಗಿದ ಕೊಂಬೆಯೊಂದೇ. ಆದರೆ ಆ ಒಣಕೊಂಬೆಯ ಜೊತೆಯಲ್ಲಿ ನಮ್ಮ ಮೈ, ನಮ್ಮ ಕೂಲಿ, ನಮ್ಮ ಮರ್ಯಾದೆ ಎಲ್ಲವೂ ಹೇಗೆ ಹೆಣೆದುಕೊಂಡಿವೆಯೆಂಬುದನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇವೆ. ಹೇಳಬೇಕಾದುದು ಮೂರೇ ಮಾತು. ಮೊಂಡು ಹತಾರವು ಮೊದಲು ತಿನ್ನುವುದು ಕೆಲಸಗಾರನ ಮೈಯನ್ನು, ಆಮೇಲೆ ಗಿಡವನ್ನು. ಅದನ್ನು ಹರಿತಗೊಳಿಸುವ ವಿದ್ಯೆ ಯಾರೂ ಕಲಿಯಬಹುದಾದ ಅಗ್ಗದ ವಿದ್ಯೆ. ಮೂರನೆಯದು, ಆ ವಿದ್ಯೆಗೆ ಹಿಡಿಯುವ ಹೊತ್ತು ದುಡಿಮೆಯ ಹೊತ್ತೇ ಹೊರತು ಸೋಮಾರಿತನದ ಹೊತ್ತಲ್ಲ.

ಈ ಮಾತನ್ನು ಆಡಲು ಮಾಟುಂಗಕ್ಕಿಂತ ತಕ್ಕ ಜಾಗ ಮುಂಬಯಿಯಲ್ಲಿ ಇನ್ನೊಂದಿಲ್ಲ. 1896ರಲ್ಲಿ ಈ ನಗರಕ್ಕೆ ಪ್ಲೇಗು ಬಂದ ಮೇಲೆ, ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಓಣಿಗಳಿಂದ ಜನರನ್ನು ಹೊರತರಬೇಕೆಂದು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿದರು. ದಾದರ, ಮಾಟುಂಗ, ವಡಾಲ, ಸಾಯನ್ ಕಡೆಯ ಅಗಲವಾದ ಬೀದಿಗಳು ಆ ಯೋಜನೆಯ ಫಲ. ನಮ್ಮ ಫೈವ್ ಗಾರ್ಡನ್ಸ್ ಆ ಕಾಲದ ಏರ್ಪಾಡು. ಪಕ್ಕದ ಪಾರ್ಸಿ ಕಾಲನಿಯನ್ನು ಕಟ್ಟಿಸಿದ ಮಂಚರ್ಜಿ ಜೋಶಿಯವರು ಬೀದಿಬೀದಿಗೂ ಬೇರೆ ಬೇರೆ ಜಾತಿಯ ಮರಗಳನ್ನು ನೆಡಿಸಿದ್ದರು. ಕಿಂಗ್ಸ್ ಸರ್ಕಲ್ಲಿನ ಉದ್ಯಾನವನ್ನು ತಾವೆಲ್ಲ ಬಲ್ಲಿರಿ. ಮೇಲುಸೇತುವೆಯ ಕೆಳಗೆ ಕಸವೂ ಗಾಡಿಗಳೂ ತುಂಬಿಕೊಳ್ಳಬಾರದೆಂದು 2016ರಲ್ಲಿ ಅಲ್ಲಿಯೂ ಒಂದು ತೋಟ ಎದ್ದಿತು. ನರ್ಮದಾ ನದಿಯ ಹರಿವಿನ ಮಾದರಿಯಲ್ಲಿ ಅದರ ಕಾಲುದಾರಿಯನ್ನು ಹಾಕಿದ್ದಾರೆ. ಇಷ್ಟು ಹಸುರನ್ನು ಕತ್ತರಿಸಿ, ಕೆತ್ತಿ, ಓರಣವಾಗಿಡುವುದು ಕೈಗಳ ಕೆಲಸ.

ಇದೇ ಮಾಟುಂಗದಲ್ಲಿ ಇನ್ನೊಂದು ಬಗೆಯ ಕೈಗಳೂ ಇವೆ. 1915ರಲ್ಲಿ ಆರಂಭವಾದ ರೈಲ್ವೆ ಕಾರ್ಖಾನೆ ಇಲ್ಲಿದೆ. 1887ರಲ್ಲಿ ಹುಟ್ಟಿದ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಇಂದಿನ ವೀರಮಾತಾ ಜೀಜಾಬಾಯಿ ತಾಂತ್ರಿಕ ಸಂಸ್ಥೆ, 1923ರಲ್ಲಿ ಇಲ್ಲಿಗೆ ಬಂದಿತು. ಫಿಟ್ಟರ್ ಕೆಲಸ ಕಲಿಯಹೋದ ಹುಡುಗನಿಗೆ ಮೊದಲು ಕೈಗೆ ಕೊಡುವುದೇ ಅರ. ಕಬ್ಬಿಣದ ತುಂಡೊಂದನ್ನು ವೈಸಿನಲ್ಲಿ ಬಿಗಿದು, ಅದು ಚಪ್ಪಟೆಯಾಗುವವರೆಗೆ ಉಜ್ಜು ಎನ್ನುತ್ತಾರೆ. ಮಾಳಿಯ ಕೈಗೆ ಬೇಕಾದ ವಿದ್ಯೆ ಫಿಟ್ಟರಿನ ಕೈಯಲ್ಲಿ ಇದೆ. ಇಬ್ಬರೂ ಇದೇ ಸಂಘದ ಸದಸ್ಯರು, ಒಂದೇ ಜಮಖಾನೆಯ ಮೇಲೆ ಕುಳಿತಿದ್ದಾರೆ. ಆದರೂ ಒಬ್ಬರ ವಿದ್ಯೆ ಇನ್ನೊಬ್ಬರಿಗೆ ದಾಟಿಲ್ಲ. ಅದನ್ನು ದಾಟಿಸುವುದೇ ನಮ್ಮ ಉದ್ದೇಶ.

ಹತಾರಗಳ ಹೆಸರಿನ ವಿಷಯದಲ್ಲಿ ಮೊದಲು ಒಂದು ಒಪ್ಪಂದಕ್ಕೆ ಬರೋಣ. ಪುತ್ತೂರಿನ ಕಡೆಯ ಅಣ್ಣನವರು "ಹಾರೆ ತಾ" ಎಂದರೆ ಅವರಿಗೆ ಬೇಕಾದುದು ಮಣ್ಣು ಅಗೆದು ಎಳೆಯುವ ಅಗಲವಾದ ಎಲೆಯ ಹತಾರ. ಕಲಬುರ್ಗಿಯ ಕಡೆಯ ತಮ್ಮ ತಂದುಕೊಡುವುದು ಕಲ್ಲು ಮೀಟುವ ಕಬ್ಬಿಣದ ಸರಳು. ತಪ್ಪು ಇಬ್ಬರದೂ ಅಲ್ಲ; ಊರು ಬದಲಾದಂತೆ ಮಾತೂ ಬದಲಾಗುತ್ತದೆ. ಮುಂಬಯಿಯಲ್ಲಿ ಇದರ ಮೇಲೆ ಮರಾಠಿಯ ಕೊಯ್ತಾ, ಕುದಳ, ಫಾವಡೆ, ಖುರಪೆಗಳು ಬಂದು ಸೇರಿವೆ. ಅರವನ್ನು ಇಲ್ಲಿ ಕಾನಸ್ ಎನ್ನದಿದ್ದರೆ ಅಂಗಡಿಯವನು ಕೊಡುವುದಿಲ್ಲ. ಇಂದಿನ ಮಟ್ಟಿಗೆ ಅಗೆಯುವುದನ್ನು ಗುದ್ದಲಿಯೆಂದೂ, ಕಳೆ ಕೀಳುವುದನ್ನು ಖುರಪಿಯೆಂದೂ, ಕೊಂಬೆ ಕಡಿಯುವುದನ್ನು ಕತ್ತಿಯೆಂದೂ, ಬೇಲಿಗಿಡ ಸವರುವ ಉದ್ದ ಕತ್ತರಿಯನ್ನು ಬೇಲಿಕತ್ತರಿಯೆಂದೂ, ಒಂದೇ ಕೈಯಲ್ಲಿ ಒತ್ತಿ ಕತ್ತರಿಸುವುದನ್ನು ಎಲ್ಲ ಮಾಳಿಗಳೂ ಅನ್ನುವಂತೆ ಸಿಕೇಟರ್ ಎಂದೂ ಕರೆಯೋಣ.

ಮೊಂಡು ಅಲಗಿನ ಬೆಲೆ

ಅಲಗೆಂದರೆ ಏನು? ಎರಡು ಮುಖಗಳು ಬಂದು ಕೂಡುವ ಗೆರೆ. ಆ ಗೆರೆ ಎಷ್ಟು ತೆಳುವೋ ನಮ್ಮ ಬಲವೆಲ್ಲ ಅಷ್ಟು ಕಿರಿದಾದ ಜಾಗದ ಮೇಲೆ ಬೀಳುತ್ತದೆ. ಗೆರೆ ಸವೆದು ದುಂಡಗಾದರೆ ಅದೇ ಬಲ ಅಗಲವಾಗಿ ಹರಡಿಹೋಗುತ್ತದೆ. ಆಗ ಕೆಲಸ ನಡೆಯಬೇಕಾದರೆ ಬಲವನ್ನು ಹೆಚ್ಚಿಸಬೇಕು. ಆ ಹೆಚ್ಚಿನ ಬಲ ಬರುವುದು ನಮ್ಮ ಮಣಿಕಟ್ಟಿನಿಂದ, ಮೊಳಕೈಯಿಂದ, ಭುಜದಿಂದ. ದಿನಕ್ಕೆ ಸಾವಿರ ಸಲ ಒತ್ತುವ ಕತ್ತರಿಯಲ್ಲಿ ಒಂದೊಂದು ಸಲಕ್ಕೂ ಒಂದಿಷ್ಟು ಬಲ ಹೆಚ್ಚಾದರೆ, ಸಂಜೆಗೆ ಅನ್ನದ ತುತ್ತು ಕಲಸುವಾಗ ಬೆರಳು ಮಡಿಯುವುದಿಲ್ಲ. ಅಷ್ಟೇ ಅಲ್ಲ, ಮೊಂಡು ಕತ್ತಿ ಕೊಂಬೆಯಲ್ಲಿ ನಾಟದೆ ಜಾರುತ್ತದೆ, ಜಾರಿದ ಕತ್ತಿ ಮೊಣಕಾಲನ್ನು ಹುಡುಕುತ್ತದೆ. ಹರಿತವಾದ ಹತಾರ ಅಪಾಯಕಾರಿಯೆಂದು ಹೊರಗಿನವರು ತಿಳಿಯುತ್ತಾರೆ. ಕೆಲಸ ಮಾಡುವವನು ಬಲ್ಲ, ಮೊಂಡು ಹತಾರವೇ ಹೆಚ್ಚು ಅಪಾಯಕಾರಿ.

ಗಿಡದ ಕಡೆಯಿಂದಲೂ ನೋಡಬೇಕು. ಹರಿತವಾದ ಅಲಗು ತೊಗಟೆಯನ್ನೂ ಒಳಗಿನ ಹಸಿರುಪೊರೆಯನ್ನೂ ನುಣುಪಾಗಿ ಕೊಯ್ಯುತ್ತದೆ. ಗಾಯದ ಅಂಚಿನಿಂದ ಹೊಸ ಅಂಗಾಂಶ ಬೆಳೆದು ಬಾಯಿ ಮುಚ್ಚಿಕೊಳ್ಳುತ್ತದೆ. ಮೊಂಡು ಅಲಗು ಕೊಯ್ಯುವುದಿಲ್ಲ, ಜಜ್ಜುತ್ತದೆ. ತೊಗಟೆ ಸೀಳಿ ನಾರಾಗಿ ಜೋಲುತ್ತದೆ. ಜಜ್ಜಿದ ಜಾಗದಲ್ಲಿ ನೀರು ನಿಂತು ಶಿಲೀಂಧ್ರಕ್ಕೆ ಮನೆಯಾಗುತ್ತದೆ. ಮರವು ಮನುಷ್ಯನ ಮೈಯಂತೆ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಒಳಗಿನಿಂದ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುತ್ತದೆ ಎಂದು ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೀಗೋ ಅವರು 1970ರ ದಶಕದಲ್ಲಿ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟರು. ಅಂದರೆ ನಾವು ಇಂದು ಮಾಡಿದ ಕೆಟ್ಟ ಗಾಯ ಮರದ ಒಡಲಿನಲ್ಲಿ ಕೊನೆಯವರೆಗೂ ಉಳಿಯುತ್ತದೆ. ಮುಂಬಯಿಯಲ್ಲಿ ಮಳೆಗಾಲಕ್ಕೆ ಮುಂಚೆ ಬೀದಿಮರಗಳ ಕೊಂಬೆ ಕಡಿಯುವ ವಾಡಿಕೆ ಇದೆಯಷ್ಟೆ. ಕೊಂಬೆ ಕಡಿದ ಕೂಡಲೇ ನಾಲ್ಕು ತಿಂಗಳು ಎಡೆಬಿಡದ ಮಳೆ. ಇಂಥ ಊರಿನಲ್ಲಿ ಸೀಳಿದ ಗಾಯವೆಂದರೆ ಕೊಳೆಗೆ ಕೊಟ್ಟ ಆಮಂತ್ರಣ. ಕೊಳೆತ ಕೊಂಬೆ ಒಂದಲ್ಲ ಒಂದು ಆಷಾಢದಲ್ಲಿ ಕೆಳಗೆ ಬೀಳುತ್ತದೆ. ಕೆಳಗೆ ನಡೆದು ಹೋಗುವವರು ನಮ್ಮ ನಿಮ್ಮ ಮಕ್ಕಳೇ.

ಈ ತಿಳಿವಳಿಕೆ ನಮ್ಮ ಜನಕ್ಕೆ ಹೊಸದಲ್ಲ. ಕರಾವಳಿಯಲ್ಲಿ ಶೇಂದಿ ಇಳಿಸುವ ಮೂರ್ತೆದಾರರನ್ನು ನೋಡಿದವರು ಇಲ್ಲಿ ಇದ್ದೀರಿ. ತೆಂಗಿನ ಎಳೆಯ ಹೊಂಬಾಳೆಯ ತುದಿಯಿಂದ ದಿನದಿನವೂ ಕಾಗದದಷ್ಟು ತೆಳುವಾದ ಪದರವನ್ನು ಕೊಯ್ಯಬೇಕು. ಕತ್ತಿ ಮೊಂಡಾದರೆ ಹೊಂಬಾಳೆ ಜಜ್ಜಿಹೋಗಿ ರಸ ನಿಂತುಹೋಗುತ್ತದೆ. ಅದಕ್ಕಾಗಿ ಅವರು ಮರದ ಹಲಗೆಯ ಮೇಲೆ ಬಿಳಿಯ ಬೆಣಚುಕಲ್ಲಿನ ಪುಡಿಯನ್ನು ಉದುರಿಸಿ ಕತ್ತಿಯನ್ನು ಮಸೆಯುತ್ತಿದ್ದರು. ನಮ್ಮ ತಾಯಂದಿರು ಈಳಿಗೆಮಣೆಯ ಅಲಗನ್ನು ಕಲ್ಲಿಗೆ ತಿಕ್ಕುತ್ತಿದ್ದುದನ್ನೂ ತಾವು ಕಂಡಿದ್ದೀರಿ. ಊರಿನಲ್ಲಿ ಹೀಗೆ ಬದುಕಿನ ಜೊತೆಗೇ ಬಂದ ವಿದ್ಯೆ, ರೈಲು ಹತ್ತಿ ಮುಂಬಯಿಗೆ ಬಂದವರ ಕೈಯಿಂದ ಎಲ್ಲಿಯೋ ಜಾರಿಹೋಯಿತು. ಇಲ್ಲಿ ಹತಾರ ನಮ್ಮದಲ್ಲ, ಗುತ್ತಿಗೆದಾರನದು. ಮೊಂಡಾದರೆ ಅವನ ಚಿಂತೆ ಎಂದುಕೊಂಡೆವು. ಹತಾರ ಅವನದಿರಬಹುದು, ಮಣಿಕಟ್ಟು ನಮ್ಮದಷ್ಟೆ!

ಮಸೆಯುವ ಕ್ರಮ

ಇನ್ನು ಕ್ರಮವನ್ನು ಹೇಳುತ್ತೇವೆ. ಬೇಕಾದ ಸಾಮಗ್ರಿ ಸ್ವಲ್ಪವೇ. 8 ಅಥವಾ 10 ಅಂಗುಲದ ಒಂದು ಚಪ್ಪಟೆ ಅರ, ಒಂದೇ ದಿಕ್ಕಿನ ಗೆರೆಗಳಿರುವಂಥದು. ಅಡ್ಡಾದಿಡ್ಡಿ ಗೆರೆಗಳ ಅರ ಬೇಗ ತಿನ್ನುತ್ತದೆ, ಆದರೆ ಒರಟಾಗಿ ಬಿಡುತ್ತದೆ. ಒಂದು ಕಡೆ ಒರಟು, ಇನ್ನೊಂದು ಕಡೆ ನಯವಾಗಿರುವ ಕಾರ್ಬೊರಂಡಮ್ ಮಸೆಗಲ್ಲು. ಒಂದು ತಂತಿಯ ಬ್ರಷ್ಷು, ಹಳೆಯ ಬಟ್ಟೆ, ಒಂದಿಷ್ಟು ಸೀಮೆಎಣ್ಣೆ, ಒಂದಿಷ್ಟು ಯಂತ್ರದ ಎಣ್ಣೆ. ಹತಾರವನ್ನು ಬಿಗಿಯಲು ವೈಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೆಂಚಿನ ಅಂಚಿಗೆ ಒತ್ತಿ, ಒಬ್ಬರು ಹಿಡಿದು ಒಬ್ಬರು ಉಜ್ಜಬಹುದು.

ಕಾರ್ಬೊರಂಡಮ್ ಕಲ್ಲು ಭೂಮಿಯಲ್ಲಿ ಅಗೆದು ತೆಗೆದುದಲ್ಲ. ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬವರು 1891ರಲ್ಲಿ ಜೇಡಿಮಣ್ಣನ್ನೂ ಕಲ್ಲಿದ್ದಲ ಕೋಕಿನ ಪುಡಿಯನ್ನೂ ವಿದ್ಯುತ್ತಿನಿಂದ ಕಾಯಿಸಿದಾಗ ಹೊಳೆಯುವ ಹರಳುಗಳು ಸಿಕ್ಕಿದವು. ಉಕ್ಕನ್ನು ಸವೆಸುವಷ್ಟು ಗಟ್ಟಿ. ಕಾರ್ಖಾನೆಯ ಮಸೆಗಲ್ಲುಗಳೂ ಸಾಣೆಚಕ್ರಗಳೂ ಅದರಿಂದ ಬಂದವು. ನಮ್ಮ ದೇಶದಲ್ಲಿ 1941ರಲ್ಲಿ ಈ ಮುಂಬಯಿ ಬಂದರಿನ ಆಚೆಯ ದಡದಲ್ಲಿ, ಉರಣದ ಬಳಿಯ ಮೋರಾದಲ್ಲಿ, ಸಾಣೆಚಕ್ರಗಳ ಕಾರ್ಖಾನೆ ಆರಂಭವಾಯಿತು. 1954ರಲ್ಲಿ ಮದರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಸ್ಥಾಪನೆಯಾಯಿತು. ಇಂದು ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿಯೂ ಅಂಥ ಕಲ್ಲು ಸಿಗುತ್ತದೆ. ರಸ್ತೆಯ ಬದಿಯ ಕರಿಕಲ್ಲಿಗೆ ಕತ್ತಿಯನ್ನು ತಿಕ್ಕುವವರು ಇದ್ದಾರೆ. ಆ ಕಲ್ಲು ಸಮತಟ್ಟಾಗಿಲ್ಲದ ಕಾರಣ ಅಲಗು ಏರುಪೇರಾಗುತ್ತದೆ. ಆ ರೂಢಿಯನ್ನು ಬಿಡುವುದು ಒಳ್ಳೆಯದು.

ಮೊದಲನೆಯ ಕೆಲಸ ಶುದ್ಧಿ. ಅಲಗಿಗೆ ಅಂಟಿದ ಮಣ್ಣು, ಗಿಡದ ಹಾಲು, ತುಕ್ಕು ಇವುಗಳನ್ನು ಬ್ರಷ್ಷಿನಿಂದಲೂ ಸೀಮೆಎಣ್ಣೆಯಿಂದಲೂ ತೆಗೆಯಬೇಕು. ಕೊಳೆಯ ಮೇಲೆ ಅರ ಆಡಿಸಿದರೆ ಅರದ ಹಲ್ಲು ತುಂಬಿಹೋಗುತ್ತದೆ. ಅರಕ್ಕೆ ಸ್ವಲ್ಪ ಸುಣ್ಣದ ಬಳಪವನ್ನು ತಿಕ್ಕಿಕೊಂಡರೆ ಪುಡಿ ಅಂಟುವುದಿಲ್ಲ; ಇದು ಫಿಟ್ಟರುಗಳು ಬಲ್ಲ ಉಪಾಯ.

ಎರಡನೆಯದು ಓರೆ. ಪ್ರತಿಯೊಂದು ಹತಾರಕ್ಕೂ ಅದನ್ನು ಮಾಡಿದವನು ಒಂದು ಓರೆಯನ್ನು ಕೊಟ್ಟಿರುತ್ತಾನೆ. ಆದಷ್ಟು ಅದನ್ನೇ ಅನುಸರಿಸಬೇಕು. ಸವೆದು ಗುರುತು ಸಿಗದಿದ್ದರೆ ಕೋನವನ್ನು ಅಳೆಯಲು ಉಪಕರಣ ಬೇಕಾಗಿಲ್ಲ. ಒಂದು ಚೌಕ ಕಾಗದದ ಮೂಲೆ 90 ಡಿಗ್ರಿ. ಮೂಲೆಗೆ ಸರಿಯಾಗಿ ಒಂದು ಸಲ ಮಡಿಸಿದರೆ 45, ಇನ್ನೊಂದು ಸಲ ಮಡಿಸಿದರೆ 22½. ಸಿಕೇಟರಿಗೆ ಸುಮಾರು 22½ರ ಓರೆ ಸರಿ. ಕತ್ತಿ ಕೊಡಲಿಗಳಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು, 25ರಿಂದ 30ರವರೆಗೆ. ಗುದ್ದಲಿಗೆ 45. ಮಣ್ಣು, ಕಲ್ಲುಗಳಿಗೆ ಬಡಿಯುವ ಅಲಗು ತೀರ ತೆಳುವಾದರೆ ಮೊದಲನೆಯ ದಿನವೇ ಮಡಿಚಿಹೋಗುತ್ತದೆ. ಕೆಲಸ ಒರಟಾದಷ್ಟೂ ಓರೆ ದಪ್ಪ, ನಯವಾದಷ್ಟೂ ತೆಳು ಎಂದು ನೆನಪಿಟ್ಟುಕೊಂಡರೆ ಸಾಕು.

ಮೂರನೆಯದು ಅರ ಆಡಿಸುವ ರೀತಿ. ಅರ ಕೊಯ್ಯುವುದು ಮುಂದಕ್ಕೆ ತಳ್ಳುವಾಗ ಮಾತ್ರ. ಹಿಂದಕ್ಕೆ ಎಳೆಯುವಾಗ ಒತ್ತಿದರೆ ಅರದ ಹಲ್ಲು ಸವೆಯುತ್ತದೆಯೇ ಹೊರತು ಅಲಗಿಗೆ ಲಾಭವಿಲ್ಲ. ಆದುದರಿಂದ ಎತ್ತಿ ಹಿಂದಕ್ಕೆ ತರಬೇಕು. ಅಲಗಿನ ಬುಡದಿಂದ ತುದಿಯವರೆಗೆ ಒಂದೇ ಉದ್ದದ ಎಳೆತ, ಒಂದೇ ಓರೆ, ಒಂದೇ ಒತ್ತಡ. ಆತುರದವನ ಅಲಗು ಅಲೆಯಲೆಯಾಗಿ ಕಾಣುತ್ತದೆ. ಹತ್ತು ಹದಿನೈದು ಸಲ ಆಡಿಸಿದ ಮೇಲೆ ಬೆನ್ನಿನ ಕಡೆ ಬೆರಳನ್ನು ಅಲಗಿನ ಅಡ್ಡಕ್ಕೆ, ಹೊರಮುಖವಾಗಿ, ಹಗುರವಾಗಿ ಸವರಿದರೆ ಸಣ್ಣ ಗರಿ ತಾಕುತ್ತದೆ. ಗರಿ ಉದ್ದಕ್ಕೂ ಎದ್ದಿತೆಂದರೆ ಅರದ ಕೆಲಸ ಮುಗಿಯಿತು. ಆಮೇಲೆ ಮಸೆಗಲ್ಲಿಗೆ ನೀರನ್ನೋ ಎಣ್ಣೆಯನ್ನೋ ಹಚ್ಚಿ ಓರೆಯ ಮುಖವನ್ನು ನಯಗೊಳಿಸಿ, ಕೊನೆಗೆ ಬೆನ್ನಿನ ಚಪ್ಪಟೆ ಮುಖವನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಒಂದೆರಡು ಸಲ ಎಳೆದರೆ ಗರಿ ಉದುರುತ್ತದೆ. ಒಂದು ಕಲ್ಲಿಗೆ ನೀರು ಬಳಸಿದರೆ ನೀರೇ, ಎಣ್ಣೆ ಬಳಸಿದರೆ ಎಣ್ಣೆಯೇ; ಎರಡನ್ನೂ ಕಲಸಬಾರದು.

ಹತಾರವಾರು ಕೆಲವು ಎಚ್ಚರಿಕೆಗಳಿವೆ. ಸಿಕೇಟರಿನ ಎರಡು ಅಲಗುಗಳಲ್ಲಿ ಒಂದು ಇನ್ನೊಂದರ ಪಕ್ಕದಿಂದ ಜಾರಿ ಹೋಗುವಂತಿದ್ದರೆ, ಕೊಯ್ಯುವ ಅಲಗಿನ ಹೊರಗಿನ ಓರೆಯನ್ನು ಮಾತ್ರ ಮಸೆಯಬೇಕು. ಒಳಗಿನ ಚಪ್ಪಟೆ ಮುಖಕ್ಕೆ ಓರೆ ಕೊಟ್ಟರೆ ನಡುವೆ ಸಂದು ಬಿದ್ದು, ಎಲೆ ಕತ್ತರಿಸದೆ ಮಡಿಚಿಕೊಳ್ಳುತ್ತದೆ. ಅಲಗು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುವ ಜಾತಿಯದಾದರೆ ಎರಡು ಕಡೆಯೂ ಮಸೆಯಬಹುದು. ಬೇಲಿಕತ್ತರಿಗೂ ಇದೇ ನಿಯಮ: ಹೊರಗೆ ಓರೆ, ಒಳಗೆ ಚಪ್ಪಟೆ, ನಡುವಿನ ತಿರುಪು ತೀರ ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಮಲಬಾರ್ ಹಿಲ್ಲಿನ ಹ್ಯಾಂಗಿಂಗ್ ಗಾರ್ಡನ್ಸಿನಲ್ಲಿ ಗಿಡಗಳನ್ನು ಆನೆ, ಒಂಟೆಗಳ ಆಕಾರದಲ್ಲಿ ಸವರಿದ್ದನ್ನು ಮಕ್ಕಳಿಗೆ ತೋರಿಸಲು ಕರೆದುಕೊಂಡು ಹೋಗುತ್ತೀರಷ್ಟೆ. ಆ ಆನೆಯ ಸೊಂಡಿಲು ಸೊಂಡಿಲಾಗಿ ಉಳಿದಿರುವುದು ಯಾರೋ ಒಬ್ಬನ ಕತ್ತರಿಯ ಅಲಗಿನ ಮೇಲೆ. ಗುದ್ದಲಿ ಖುರಪಿಗಳಿಗೆ ಅರವೊಂದೇ ಸಾಕು, ಕಲ್ಲು ಬೇಡ. ಒಂದೇ ಮುಖಕ್ಕೆ ಓರೆ ಕೊಡಬೇಕು. ಹಲ್ಲಿನ ಕುಡುಗೋಲಿನ ಹಲ್ಲುಗಳ ಮೇಲೆ ಅರವನ್ನು ಅಡ್ಡಲಾಗಿ ಎಳೆದರೆ ಹಲ್ಲೇ ಮಾಯವಾಗುತ್ತದೆ. ಹಲ್ಲಿಲ್ಲದ ಹಿಂಬದಿಯನ್ನು ಮಾತ್ರ ಕಲ್ಲಿಗೆ ತಿಕ್ಕಬೇಕು. ಹೊಸ ಗರಗಸಗಳ ಹಲ್ಲಿನ ತುದಿ ನೀಲಿಯಾಗಿದ್ದರೆ ಅದು ವಿಶೇಷವಾಗಿ ಕಾಯಿಸಿ ಗಟ್ಟಿ ಮಾಡಿದ ಹಲ್ಲು, ಅರ ಅದಕ್ಕೆ ಹತ್ತುವುದಿಲ್ಲ. ಪಿಕಾಸಿಯ ಮೊನೆ ಸವೆದರೆ ಕುಲುಮೆಗೇ ಒಯ್ಯಬೇಕು.

ಮಸೆದಾದ ಮೇಲೆ ಅಲಗನ್ನು ಒರಸಿ ಎಣ್ಣೆಯ ಬಟ್ಟೆಯಿಂದ ಸವರಿಡಬೇಕು. ಸಮುದ್ರದ ಉಪ್ಪುಗಾಳಿಯ ಈ ಊರಿನಲ್ಲಿ ಒಂದೇ ರಾತ್ರಿಗೆ ತುಕ್ಕು ಏಳುತ್ತದೆ. ಹರಿತವಾಯಿತೋ ಇಲ್ಲವೋ ನೋಡಲು ಹೆಬ್ಬೆರಳನ್ನು ಅಲಗಿನ ಉದ್ದಕ್ಕೆ ಎಳೆಯಬೇಡಿ. ಅಲಗನ್ನು ದೀಪದ ಬೆಳಕಿಗೆ ಹಿಡಿಯಿರಿ. ಮೊಂಡಾದ ಕಡೆ ಬಿಳಿಯ ಗೆರೆ ಮಿನುಗುತ್ತದೆ, ಹರಿತವಾದ ಕಡೆ ಏನೂ ಕಾಣುವುದಿಲ್ಲ. ಇಲ್ಲವೇ ಒಂದು ಹಳೆಯ ವೃತ್ತಪತ್ರಿಕೆಯ ಹಾಳೆಯನ್ನು ಕೊಯ್ದು ನೋಡಿ. ನಮ್ಮ ಸಂಘದ ಪತ್ರಿಕೆಯನ್ನು ಮಾತ್ರ ಓದಿ ಮುಗಿಸಿದ ಮೇಲೆ ಕೊಯ್ಯಬೇಕಾಗಿ ವಿನಂತಿ!

ಹಿಡಿಯಿಲ್ಲದ ಅರವನ್ನು ಎಂದೂ ಬಳಸಬಾರದು. ಅದರ ಬಾಲ ಅಂಗೈಯನ್ನು ತೂರಿಬಿಡುತ್ತದೆ. ಹತಾರವನ್ನು ಹಿಡಿದ ಕೈಗೆ ದಪ್ಪ ಕೈಚೀಲವಿರಲಿ. ಧನುರ್ವಾಯುವಿನ ಚುಚ್ಚುಮದ್ದನ್ನು ಗಾಯವಾಗುವ ಮೊದಲೇ ಹಾಕಿಸಿಕೊಂಡಿರಬೇಕು.

"ಇಷ್ಟೆಲ್ಲ ಏಕೆ, ಬೀದಿಯಲ್ಲಿ ಚಕ್ರ ತಿರುಗಿಸುತ್ತ ಬರುವ ಸಾಣೆಯವನಿಗೆ ಕೊಟ್ಟರಾಗದೆ?" ಎಂದು ಕೇಳಬಹುದು. ಆತನೂ ನಮ್ಮಂತೆ ದುಡಿಯುವವನೇ. ಅಡಿಗೆಮನೆಯ ಚೂರಿಯನ್ನು ಅವನಿಗೆ ಕೊಡಿ. ಆದರೆ ವಿದ್ಯುತ್ತಿನ ಒಣ ಚಕ್ರದ ವಿಷಯದಲ್ಲಿ ಎಚ್ಚರ ಬೇಕು. ಉಕ್ಕಿಗೆ ಹದ ಕೊಟ್ಟಿರುತ್ತಾರೆ. ಅಲಗು ಬಿಸಿಯೇರಿ ಮೊದಲು ಹುಲ್ಲಿನ ಹಳದಿಗೆ, ಆಮೇಲೆ ನೇರಳೆಗೆ, ಸುಮಾರು 300 ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀಲಿಗೆ ತಿರುಗಿತೆಂದರೆ ಹದ ಹಾರಿಹೋಯಿತು. ಅಂಥ ಅಲಗು ಅಂದು ಹೊಳೆಯುತ್ತದೆ, ಮರುದಿನ ಮೊಂಡಾಗುತ್ತದೆ. ಕೈಯಿಂದ ಆಡಿಸುವ ಅರ ಅಲಗನ್ನು ಅಷ್ಟು ಕಾಯಿಸಲಾರದು. ಇಂದು ಕೊಂಬೆ ಕಡಿಯಲು ಪೆಟ್ರೋಲಿನ ಸರಪಳಿ ಗರಗಸಗಳು ಬಂದಿವೆ. ಅವುಗಳ ಒಂದೊಂದು ಹಲ್ಲನ್ನೂ ಕೆಲಸದ ಜಾಗದಲ್ಲಿ ದುಂಡು ಅರದಿಂದ ಕೈಯಾರೆ ಮಸೆಯುತ್ತಾರೆ. ಯಂತ್ರ ಬಂದರೂ ಅರ ಹೋಗಿಲ್ಲ.

ಈ ಹೊತ್ತು ಯಾರದು?

ಈಗ ಮೂರನೆಯ ಮಾತು. ನಮ್ಮಲ್ಲಿ ಒಬ್ಬರು ಒಂದು ದೊಡ್ಡ ವಸತಿ ಸೊಸಾಯಿಟಿಯ ತೋಟದಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದರು. ಬೆಳಿಗ್ಗೆ ಕೆಲಸಕ್ಕೆ ಕೈಹಾಕುವ ಮುನ್ನ ಮೆಟ್ಟಿಲ ಮೇಲೆ ಕುಳಿತು ಬೇಲಿಕತ್ತರಿಯನ್ನು ಮಸೆಯುತ್ತಿದ್ದಾಗ ಮುಕಾದಮನು ಬಂದು, "ಕೂತು ಕಾಲ ಕಳೆಯುತ್ತೀಯಾ?" ಎಂದು ಅರ್ಧ ದಿನದ ಕೂಲಿಯನ್ನು ಹಿಡಿದನು. ಕತ್ತರಿ ಹರಿತವಾಯಿತು, ಆದರೆ ಅದು ಮೊದಲು ಕತ್ತರಿಸಿದ್ದು ಸಂಬಳವನ್ನು! ಆ ಮೇಲೆ ನಮ್ಮವರು ಕತ್ತರಿಯನ್ನು ಮನೆಗೆ ತಂದು ರಾತ್ರಿ ಮಸೆಯತೊಡಗಿದರು.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 10 ನಿಮಿಷ; ತಿಂಗಳಿಗೆ 26 ದಿನ ಕೆಲಸ. 260 ನಿಮಿಷ, ಅಂದರೆ 4 ಗಂಟೆ 20 ನಿಮಿಷ. ವರ್ಷಕ್ಕೆ 52 ಗಂಟೆ. ದಿನಕ್ಕೆ 8 ಗಂಟೆಯ ಲೆಕ್ಕದಲ್ಲಿ ಆರೂವರೆ ದಿನದ ದುಡಿಮೆ. ಮನೆಯಲ್ಲಿ ಮಸೆಯುವ ಕೆಲಸಗಾರನು ವರ್ಷಕ್ಕೆ ಒಂದು ವಾರದ ದುಡಿಮೆಯನ್ನು ಕೂಲಿಯಿಲ್ಲದೆ ಧಾರೆಯೆರೆಯುತ್ತಾನೆ. ಮಸೆಯದೆ ಇರುವವನು ಅದಕ್ಕಿಂತ ಹೆಚ್ಚನ್ನು ತನ್ನ ಮೊಳಕೈಯಿಂದ ತೆರುತ್ತಾನೆ.

ಮಾಲಿಕರ ಪಕ್ಷದ ಪಂಡಿತರೇ ಈ ಲೆಕ್ಕವನ್ನು ಒಪ್ಪಿಕೊಂಡಿದ್ದಾರೆ. ಅಮೆರಿಕದ ಫ್ರೆಡ್ರಿಕ್ ಟೇಲರ್ ಅವರು ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಸಲಿಕೆಯ ಕೆಲಸವನ್ನು ಅಳೆದು, ಒಂದು ಸಲಿಕೆಗೆ ಸುಮಾರು 21 ಪೌಂಡು ಭಾರವಿದ್ದರೆ ದಿನದ ಕೆಲಸ ಅತಿ ಹೆಚ್ಚು ಸಾಗುತ್ತದೆಂದು ಕಂಡುಕೊಂಡರು. ಆಮೇಲೆ ಅವರು ಮಾಡಿದ್ದೇನು? ಕಾರ್ಮಿಕನು ತನ್ನ ಸಲಿಕೆಯನ್ನು ತಾನೇ ತರುವ ಪದ್ಧತಿಯನ್ನು ನಿಲ್ಲಿಸಿ, ಕಂಪನಿಯ ಖರ್ಚಿನಿಂದಲೇ ಹತಾರದ ಕೋಣೆಯನ್ನು ಕಟ್ಟಿಸಿದರು. 1911ರಲ್ಲಿ ಪ್ರಕಟವಾದ ಅವರ ಪುಸ್ತಕದ ಪ್ರಕಾರ 400ರಿಂದ 600 ಮಂದಿ ಮಾಡುತ್ತಿದ್ದ ಕೆಲಸವನ್ನು 140 ಮಂದಿ ಮಾಡಿದರು, ದಿನಗೂಲಿ 1.15 ಡಾಲರಿನಿಂದ 1.88 ಡಾಲರಿಗೆ ಏರಿತು. ಕೆಲಸ ಮೂರು ಪಟ್ಟಿಗೂ ಮೀರಿತು, ಕೂಲಿ ಎರಡು ಪಟ್ಟೂ ಆಗಲಿಲ್ಲ. ಉಳಿದವರು ಆ ಅಂಗಳದಲ್ಲಿ ಬೇಡವಾದರು. ಈ ಭಾಗವನ್ನು ನಾವು ಮೆಚ್ಚಲಾರೆವು. ಆದರೆ ಸರಿಯಾದ ಹತಾರವನ್ನು ಒದಗಿಸುವುದು ಕೆಲಸ ಕೊಡುವವನ ಹೊಣೆಯೆಂಬ ಮಾತನ್ನು ಮಾತ್ರ ಅವರ ಬಾಯಿಂದಲೇ ತೆಗೆದುಕೊಳ್ಳೋಣ.

ಹತಾರದ ಪ್ರಶ್ನೆ ಕಾರ್ಮಿಕರ ಹಕ್ಕಿನ ಪ್ರಶ್ನೆಯೆಂಬುದಕ್ಕೆ ಇನ್ನೊಂದು ಉದಾಹರಣೆ ಉಂಟು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿಗಳಿಗೆ ತೀರ ಗಿಡ್ಡ ಹಿಡಿಯ ಗುದ್ದಲಿಯನ್ನು ಕೊಡುತ್ತಿದ್ದರು. ಇಡೀ ದಿನ ಬೆನ್ನು ಬಾಗಿಸಿಯೇ ಕೆಲಸ. ಬೆನ್ನು ನೆಟ್ಟಗೆ ಮಾಡಿದವನು ಮೇಸ್ತ್ರಿಯ ಕಣ್ಣಿಗೆ ಕೂಡಲೇ ಬೀಳುತ್ತಿದ್ದನು. ಬೆನ್ನುಮೂಳೆ ಹಾಳಾದ ಕೂಲಿಗಳು ನ್ಯಾಯಾಲಯಕ್ಕೆ ಹೋದರು. 1975ರಲ್ಲಿ ಆ ಗುದ್ದಲಿಯನ್ನು ನಿಷೇಧಿಸಲಾಯಿತು. ಬೆಳೆಗಳೇನೂ ಅದರಿಂದ ನಿಂತುಹೋಗಲಿಲ್ಲ.

ತೋಟದ ಕೆಲಸವೂ ಒಂದು ಕೆಲಸವೇ, ಮಾಳಿ ಕಾರ್ಮಿಕನೇ ಎಂದು ಮೂಗು ಮುರಿಯುವವರಿಗೆ ನಮ್ಮ ಸುಪ್ರೀಂ ಕೋರ್ಟು 1963ರಲ್ಲಿಯೇ ಉತ್ತರ ಕೊಟ್ಟಿದೆ. ಜೆ. ಕೆ. ಕಾಟನ್ ಮಿಲ್ಲಿನ ಅಧಿಕಾರಿಗಳ ಬಂಗಲೆಗಳ ತೋಟ ನೋಡಿಕೊಳ್ಳುತ್ತಿದ್ದ ಮಾಳಿಗಳು, ನೂಲು ತೆಗೆಯದಿದ್ದರೂ ಬಟ್ಟೆ ನೇಯದಿದ್ದರೂ, ಆ ಉದ್ಯಮಕ್ಕೆ ಸಂಬಂಧಪಟ್ಟ ಕಾರ್ಮಿಕರೇ ಎಂದು ಅದು ತೀರ್ಪಿತ್ತಿತು. ಮಾಳಿ ಕಾರ್ಮಿಕನಾದರೆ ಅವನ ಕತ್ತರಿ ಉದ್ಯಮದ ಹತಾರ; ಅದನ್ನು ಮಸೆಯುವ ಹತ್ತು ನಿಮಿಷ ಉದ್ಯಮದ ಹತ್ತು ನಿಮಿಷ ಎಂಬುದು ನಮ್ಮ ವಾದ.

ಮಹಾನವಮಿಯ ದಿನ ನಾವು ಆಯುಧಪೂಜೆ ಮಾಡುತ್ತೇವೆ. ಇಲ್ಲಿಯ ಮರಾಠಿ ಬಂಧುಗಳು ಅದನ್ನು ಖಂಡೇನವಮಿಯೆನ್ನುತ್ತಾರೆ. ಕತ್ತಿ, ಗುದ್ದಲಿಗಳನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಅಂದು ಅವುಗಳಿಗೆ ವಿಶ್ರಾಂತಿ ಕೊಡುತ್ತೇವೆ. ಬಹಳ ಒಳ್ಳೆಯದು. ಆದರೆ ಒಂದು ದಿನ ಹೂವು, ಉಳಿದ ದಿನ ತುಕ್ಕು ಎಂದಾದರೆ ಪೂಜೆಗೆ ಅರ್ಥವೇನು? ದಿನಕ್ಕೆ ಹತ್ತು ನಿಮಿಷ ಕಲ್ಲಿನ ಮೇಲೆ ಎಳೆದರೆ ಅದೇ ನಿತ್ಯಪೂಜೆ.

ಆದುದರಿಂದ ಸಭೆಯ ಮುಂದೆ ಮೂರು ಸೂಚನೆಗಳನ್ನು ಇಡುತ್ತಿದ್ದೇವೆ. ಒಂದು: ಸಂಘದ ಖರ್ಚಿನಿಂದ ಒಂದು ವೈಸ್, ಎರಡು ಅರ, ಎರಡು ಮಸೆಗಲ್ಲುಗಳನ್ನು ಕೊಂಡು ಇಲ್ಲಿ ಇಡತಕ್ಕದ್ದು, ತಿಂಗಳಲ್ಲಿ ಒಂದು ಭಾನುವಾರ ಬೆಳಿಗ್ಗೆ ಫಿಟ್ಟರ್ ಬಂಧುಗಳು ತೋಟಗೆಲಸದವರಿಗೆ ಅರ ಹಿಡಿಯುವುದನ್ನು ಕಲಿಸತಕ್ಕದ್ದು. ಪ್ರತಿಯಾಗಿ ಅವರ ಮನೆಯ ಕುಂಡಗಳ ತುಳಸಿ, ಕರಿಬೇವುಗಳ ಆರೈಕೆಯನ್ನು ಹೇಳಿಕೊಡುವ ಹೊಣೆ ನಮ್ಮದು. ಎರಡು: ಗುತ್ತಿಗೆಯ ಕರಾರಿಗೆ ಸಹಿ ಹಾಕುವಾಗ "ಹತಾರ ಮಾಲಿಕರದು, ಹತಾರದ ಆರೈಕೆಯ ಹೊತ್ತು ಕೆಲಸದ ಹೊತ್ತು" ಎಂಬ ಒಂದು ಸಾಲನ್ನು ಸೇರಿಸಬೇಕೆಂದು ನಮ್ಮ ಸದಸ್ಯರೆಲ್ಲರೂ ಕೇಳತಕ್ಕದ್ದು, ಒಬ್ಬೊಬ್ಬರಾಗಿ ಕೇಳಿದರೆ ನಗುತ್ತಾರೆ, ಒಟ್ಟಾಗಿ ಕೇಳಿದರೆ ಓದುತ್ತಾರೆ. ಮೂರು: ಮಸೆಯುತ್ತ ಕುಳಿತವನ ಕೂಲಿಯನ್ನು ಹಿಡಿದ ಸಂಗತಿ ಎಲ್ಲಿ ನಡೆದರೂ ಅದನ್ನು ಸಂಘಕ್ಕೆ ತಿಳಿಸತಕ್ಕದ್ದು.

ಅಲಗು ದಿನವೂ ಸವೆಯುವುದು ಅದರ ಧರ್ಮ. ಮಸೆದು ಮತ್ತೆ ನಿಲ್ಲಿಸುವುದು ನಮ್ಮ ಕೆಲಸ.  ಹೊರಗೆ ಬೆಂಚಿನ ಮೇಲೆ ಅರವನ್ನೂ ಕಲ್ಲನ್ನೂ ಇಟ್ಟಿದ್ದೇವೆ. ಕತ್ತರಿ ತಂದವರು ಚಹಾ ಕುಡಿದ ಮೇಲೆ ಅಲ್ಲಿಗೆ ಬರಬೇಕಾಗಿ ವಿನಂತಿ.